ಮೂಗು ಮೇಸ್ತ್ರಿಯ ಮಗಳು

ಊರಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವರು ಹತ್ತು ಜನ ಇರಬಹುದು. ಮೂಗು ಮೇಸ್ತ್ರಿ ಎನ್ನಿಸಿಕೊಂಡವನು ಒಬ್ಬನೇ. ಉಳಿದವರು ಪೈಪು ಜೋಡಿಸಿದ ಮೇಲೆ ಜಾಯಿಂಟಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದರು. ಈತ ಮೊಣಕಾಲೂರಿ, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದು "ಎಡಗಡೆ ಮೂರನೇದು" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದರ ವಾಷರೇ ಬಿರುಕು ಬಿಟ್ಟಿರುತ್ತಿತ್ತು. ಮನೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಸೋಪಿನ ನೀರು ಮೂಗಿಲ್ಲದವರಿಗೆ" ಎಂದು ಆತ ಸ್ಪ್ಯಾನರು ಒರೆಸಿ ಚೀಲಕ್ಕೆ ಹಾಕುವಾಗ ಆ ಠೀವಿ ನೋಡಬೇಕಿತ್ತು.

ಈಗ ಎರಡು ವರ್ಷದಿಂದ ಹತ್ತೊಂಬತ್ತರ ಮಗಳೂ ಅವನ ಜೊತೆ. ಊರವರು ಸುಮ್ಮನಿರುತ್ತಾರೆಯೇ, ಅವಳಿಗೆ ಮರಿಮೂಗು ಎಂದು ಹೆಸರಿಟ್ಟರು. ಕೆಲಸ ಮುಗಿದಾಗ ಅಪ್ಪ ಪಕ್ಕಕ್ಕೆ ಸರಿದು "ಮೊದಲು ನೀನು ನೋಡು ಮಗಾ, ನಿಂದು ನನ್ನದಕ್ಕಿಂತ ಚುರುಕು" ಎನ್ನುತ್ತಿದ್ದ. ಅವಳು ಬಗ್ಗಿ ಮೂಸಿ "ಇಲ್ಲಪ್ಪ" ಎಂದರೆ, ಆಮೇಲೆ ತಾನೂ ಬಗ್ಗಿ, ದೊಡ್ಡದಾಗಿ ಉಸಿರೆಳೆದು "ಹೂಂ, ಇಲ್ಲ" ಎನ್ನುತ್ತಿದ್ದ. ಎರಡು ಮೂಗಿನ ಮುದ್ರೆ ಬಿದ್ದ ಮೇಲೆ ಇನ್ನೇನು ಬೇಕು ಎಂದು ಗಿರಾಕಿಗಳು ನಿಶ್ಚಿಂತೆಯಿಂದ ಒಲೆ ಹಚ್ಚುತ್ತಿದ್ದರು. ಅಪ್ಪ ತನ್ನನ್ನು ಮುಂದೆ ಬಿಡುತ್ತಾನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ತಾಯಿಯಿಲ್ಲದ ಮನೆ, ಅಪ್ಪನ ಆ ಒಂದು ಮಾತಿಗೆ ಅವಳು ಇಡೀ ದಿನ ಬಿಸಿಲಲ್ಲಿ ಓಡಾಡಬಲ್ಲವಳು.

ಅಂಥ ಅಪ್ಪನಿಂದ ಅವಳು ಒಂದು ಸಂಗತಿ ಬಚ್ಚಿಟ್ಟಿದ್ದಳು. ಒಂದೂವರೆ ವರ್ಷದಿಂದ ಸಿಗರೇಟು ಸೇದುತ್ತಿದ್ದಳು.

ಶುರುವಾಗಿದ್ದು ಆಗ ಅವಳು ಸಂಜೆ ಹೊತ್ತು ಹೋಗುತ್ತಿದ್ದ ತರಬೇತಿ ಶಾಲೆಯ ಸೈಕಲ್ ಸ್ಟ್ಯಾಂಡಿನ ಹಿಂದೆ. ವೆಲ್ಡಿಂಗ್ ಕಲಿಯುತ್ತಿದ್ದ ಗೆಳತಿಯೊಬ್ಬಳು "ಒಂದೇ ಒಂದು ದಮ್ಮು, ಸತ್ತೇನೂ ಹೋಗಲ್ಲ" ಎಂದು ಕೊಟ್ಟಳು. ಎಳೆದಾಗ ಕೆಮ್ಮು ಬಂದು ಕಣ್ಣು ಮೂಗಲ್ಲೆಲ್ಲ ನೀರು ಸುರಿಯಿತು, ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕವರ ಬಾಯಿ ಮುಚ್ಚಿಸಬೇಕೆಂದು ಮಾರನೆಯ ದಿನ ಮತ್ತೆ ಎಳೆದಳು. ಸಿಗರೇಟು ಹಿಡಿದರೆ ದೊಡ್ಡವರಾಗುತ್ತಾರೆ ಎಂದು ಈ ಮಕ್ಕಳಿಗೆ ಮೊದಲು ಹೇಳಿಕೊಟ್ಟವರು ಯಾರೋ, ಅವರ ಬಾಯಿಗೆ ಹುಳ ಬೀಳಲಿ. ದಿನಕ್ಕೆ ಒಂದು ಇದ್ದದ್ದು ಮೂರಾಯಿತು, ಮೂರು ಹತ್ತಾಯಿತು. ಬೇಕೆನಿಸಿದಾಗ ಸೇದುತ್ತೇನೆ ಎಂದುಕೊಂಡಿದ್ದವಳು ಈಗ ಸೇದದಿದ್ದರೆ ಸ್ಪ್ಯಾನರು ಹಿಡಿದ ಕೈ ನಡುಗುವ ಮಟ್ಟಕ್ಕೆ ಬಂದಿದ್ದಳು. ಮೂಗು ಮೇಸ್ತ್ರಿಯ ಮನೆಯಲ್ಲಿದ್ದುಕೊಂಡು ವಾಸನೆ ಮರೆಮಾಚುವುದೆಂದರೆ ಹುಡುಗಾಟವೇ? ಅದಕ್ಕೇ ಸದಾ ಬಾಯಲ್ಲಿ ಲವಂಗ. ಒಂದಲ್ಲ, ನಾಲ್ಕು ನಾಲ್ಕು. ಅಪ್ಪ ಈವರೆಗೆ ಒಂದು ಮಾತೂ ಕೇಳಿರಲಿಲ್ಲ. ಲವಂಗ ಗೆದ್ದಿತು ಎಂದು ಅವಳು ನಂಬಿದ್ದಳು.

ಆವತ್ತು ಕೆಲಸವಿದ್ದದ್ದು ದಿಬ್ಬದ ಮೇಲಿನ ಹೆಂಗಸರ ಹಾಸ್ಟೆಲಿನಲ್ಲಿ. ಬೇರೆ ಬೇರೆ ಕಡೆ ದುಡಿಯುವ ನಲವತ್ತು ಹೆಂಗಸರು ಅಲ್ಲಿರುತ್ತಿದ್ದರು. ಸಿಲಿಂಡರುಗಳು ಹೊರಗೆ ಜಾಲರಿಯ ಗೂಡಿನಲ್ಲಿ. ಅಲ್ಲಿಂದ ಗೋಡೆ ತೂರಿ ಅಡುಗೆಮನೆಯ ಕಟ್ಟೆಯ ಕೆಳಗೆ ಹಾದುಹೋಗುವ ಹಳೆಯ ಪೈಪನ್ನು ಬದಲಿಸಬೇಕಿತ್ತು. ಬೆಳಗ್ಗೆಯಿಂದ ಹಿಟ್ಟಿನ ಡಬ್ಬಗಳನ್ನು ಸರಿಸಿ, ಕಟ್ಟೆಯ ಕೆಳಗೆ ಮಲಗಿ ಎದ್ದು, ಇಬ್ಬರಿಗೂ ಸೊಂಟ ಬಿದ್ದುಹೋಗಿತ್ತು. ಎರಡೂಕಾಲಿಗೆ ಕೊನೆಯ ನಟ್ಟು ಬಿಗಿಯಾಯಿತು. "ಕೈ ತೊಳ್ಕೊಂಡು ಬರ್ತೀನಿ" ಎಂದು ಅವಳು ಹಿತ್ತಲ ಗೋಡೆಯ ಆಚೆಗೆ ಹೋಗಿ, ಗಬಗಬನೆ ಒಂದು ಸೇದಿ, ಲವಂಗ ಜಗಿದುಕೊಂಡು ಬಂದಳು.

"ನೋಡು ಮಗಾ" ಎಂದ ಅಪ್ಪ.

ಅವಳು ಕಟ್ಟೆಯ ಕೆಳಗೆ ತಲೆ ಹಾಕಿ ಉಸಿರೆಳೆದಳು. ಲವಂಗದ ಖಾರ ಬಿಟ್ಟರೆ ಏನೂ ಇಲ್ಲ. "ಇಲ್ಲಪ್ಪ" ಎಂದಳು. ಅಪ್ಪನೂ ಬಗ್ಗಿ "ಹೂಂ, ಇಲ್ಲ" ಎಂದ.

ಬಾಗಿಲಲ್ಲಿ ನಿಂತಿದ್ದ ಅಡುಗೆಯ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ "ನಂಗೇನೋ ಒಂಚೂರು ಬಂದ ಹಾಗಿದೆಯಲ್ಲ ಮೇಸ್ತ್ರಿ" ಎಂದಳು.

"ಹೊಸ ರಬ್ಬರಿನ ವಾಸನೆ ಅಕ್ಕ. ಎರಡು ದಿನ ಇರುತ್ತೆ, ಆಮೇಲೆ ತಾನೇ ಹೋಗುತ್ತೆ. ತಲೆ ಕೆಡಿಸ್ಕೋಬೇಡಿ."

"ನಿಮ್ಮ ಮೂಗು, ನಿಮ್ಮ ಮಾತು. ನನ್ನ ಮೂಗಿಗೆ ಈರುಳ್ಳಿ ಬಿಟ್ಟು ಏನು ಗೊತ್ತು!" ಎಂದು ಅಕ್ಕ ನಕ್ಕಳು. ಕಿಟಕಿ ಹಾಕಿ, ಬಾಗಿಲಿಗೆ ಬೀಗ ಜಡಿದು, ಸಂಜೆ ನಾಲ್ಕಕ್ಕೆ ಬಂದು ಚಹಾಕ್ಕೆ ನೀರಿಡುವುದಾಗಿ ಹೇಳಿ ತನ್ನ ಕೋಣೆಗೆ ಮಲಗಲು ಹೋದಳು.

ಅಪ್ಪ ಮಗಳನ್ನು ಬೀದಿಯ ತುದಿಯಲ್ಲಿ ಇಳಿಸಿ, ಊರಿನ ಇನ್ನೊಂದು ಮೂಲೆಯ ಬೇಕರಿಗೆ ಪೈಪಿನ ಅಳತೆ ತೆಗೆಯಲು ಹೊರಟ. ಅವಳು ಮನೆಗೆ ಬಂದಾಗ ಮೂರು ಗಂಟೆ. ಮಧ್ಯಾಹ್ನದ ಬಸ್ಸಿಗೆ ತಾಯಿಯ ತಾಯಿ, ಅಂದರೆ ಅಜ್ಜಿ, ಮಾವನ ಮನೆಯಿಂದ ಬಂದಿಳಿದಿದ್ದಳು. ಎರಡು ವರ್ಷದ ನಂತರ ಬಂದ ಮುದುಕಿ ಮೊಮ್ಮಗಳ ಕೆನ್ನೆ ಹಿಡಿದು ಮುದ್ದಾಡಲು ಹೋದವಳು ಯಾಕೋ ಕೈ ಹಿಂದಕ್ಕೆ ತೆಗೆದುಕೊಂಡಳು. "ಹಾಲಿಟ್ಟಿದ್ದೀನಿ, ನೋಡ್ಕೋ" ಎಂದು ಗಂಟು ಬಿಚ್ಚಲು ಒಳಕೋಣೆಗೆ ಹೋದಳು.

ಅವಳು ಒಲೆಯ ಕಟ್ಟೆಗೆ ಒರಗಿಕೊಂಡು ಮೊಬೈಲು ನೋಡುತ್ತ ನಿಂತಳು. ಎಷ್ಟು ಹೊತ್ತಾಯಿತೋ.

"ಅಯ್ಯೋ, ಹಾಲು ತಳ ಹಿಡೀತಲ್ಲೇ!" ಅಜ್ಜಿ ಒಳಗಿನಿಂದಲೇ ಕೂಗಿಕೊಂಡು ಬಂದು ಒಲೆ ಆರಿಸಿದಳು. "ಮನೆಯೆಲ್ಲ ಸೀದ ವಾಸನೆ. ಆ ಕೋಣೇಲಿ ಕೂತಿರೋ ನಂಗೆ ಬಂತು, ಪಾತ್ರೆ ಪಕ್ಕದಲ್ಲೇ ನಿಂತಿರೋ ನಿಂಗೆ ಬರಲಿಲ್ವಾ?"

ಅವಳು ಪಾತ್ರೆಯೊಳಗೆ ಇಣುಕಿದಳು. ತಳ ಕಪ್ಪಗಾಗಿತ್ತು. ಮೂಗನ್ನು ಹತ್ತಿರ ತಂದಳು. ಬಿಸಿ ತಗುಲಿತೇ ಹೊರತು ವಾಸನೆ ತಗುಲಲಿಲ್ಲ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಹೇಳ್ಬಾರದು ಅಂದ್ಕೊಂಡಿದ್ದೆ, ಬಂದ ಗಳಿಗೇಲೇ ಯಾಕೆ ಜಗಳ ಅಂತ. ಬಾಯಲ್ಲಿ ಲವಂಗ, ಮೈಯೆಲ್ಲ ಸಿಗರೇಟು. ಯಾರಿಗೇ ಟೋಪಿ ಹಾಕ್ತಿದ್ದೀಯಾ?"

"ಅಜ್ಜಿ, ದಮ್ಮಯ್ಯ, ಅಪ್ಪನಿಗೆ ಹೇಳ್ಬೇಡ."

"ನಾನೇನು ಹೇಳೋದು? ದಿನಾ ಅವನ ಬೆನ್ನಿಗೆ ಅಂಟ್ಕೊಂಡು ಗಾಡೀಲಿ ಕೂತು ಬರ್ತೀಯಾ. ಮೂರು ಮನೆ ಆಚೆ ಒಗ್ಗರಣೆ ಸೀದರೆ ಇಲ್ಲಿಂದ ಹೇಳ್ತಿದ್ದ ಮನುಷ್ಯ ಅವನು. ಇದು ಗೊತ್ತಾಗದೇ ಇರೋಕೆ ಅವನೇನು ಮೂಗು ಬಿಚ್ಚಿಟ್ಟು ಗಾಡಿ ಓಡಿಸ್ತಾನಾ?"

ಅಜ್ಜಿ ಕೋಪದಲ್ಲಿ ಆಡಿದ ಮಾತು. ಅದು ಅವಳ ತಲೆಯೊಳಗೆ ಹೋಗಿ ಕೂತಿತು.

ಹೌದಲ್ಲ. ಅಪ್ಪನಿಗೆ ಗೊತ್ತಾಗಿದ್ದರೆ ಬಿಡುತ್ತಿದ್ದನೇ? ಇಪ್ಪತ್ತೆಂಟು ವರ್ಷ ಬೀಡಿ ಸೇದಿ, ಡಾಕ್ಟರು ಎದೆಯ ಫೋಟೊ ತೋರಿಸಿ ಬೈದ ಮೇಲೆ ನಾಲ್ಕು ವರ್ಷದ ಹಿಂದೆ ಬಿಟ್ಟವನು; ಬೀದಿಯಲ್ಲಿ ಯಾರ ಮಕ್ಕಳ ಕೈಯಲ್ಲಿ ಬೀಡಿ ಕಂಡರೂ ಕಿತ್ತು ಚರಂಡಿಗೆ ಎಸೆಯುವವನು. ಸ್ವಂತ ಮಗಳ ಮೈಯಲ್ಲಿ ಹೊಗೆ ನಾರುತ್ತಿದ್ದರೆ ಸುಮ್ಮನಿರುವ ಜಾತಿಯೇ ಅಲ್ಲ. ಹಾಗಾದರೆ ಲವಂಗ ಗೆದ್ದಿರಲಿಲ್ಲ. ಅಪ್ಪನಿಗೆ ವಾಸನೆಯೇ ಬರುತ್ತಿರಲಿಲ್ಲ. ಅಪ್ಪನ ಮೂಗು ಹೋಗಿತ್ತು. ಮೊದಲು ನೀನು ನೋಡು, ಮೊದಲು ನೀನು ನೋಡು ಎಂದು ಎರಡು ವರ್ಷದಿಂದ ಅವಳನ್ನು ಮುಂದೆ ತಳ್ಳುತ್ತಿದ್ದದ್ದು ಇದಕ್ಕೇ.

ಅವಳು ಮೂಲೆಯಲ್ಲಿದ್ದ ತನ್ನ ಕೆಲಸದ ಚೀಲ ಎಳೆದು ಪೈಪಿಗೆ ಹಚ್ಚುವ ಅಂಟಿನ ಡಬ್ಬಿ ತೆಗೆದಳು. ಮುಚ್ಚಳ ತೆರೆದರೆ ತಲೆ ಸುತ್ತಿಸುವ ಅಂಟು ಅದು. ಮೂಗಿಗೆ ಹಿಡಿದು ಎಳೆದಳು. ಎಲ್ಲೋ ದೂರದ ಬೀದಿಯಲ್ಲಿ ಯಾರೋ ಏನೋ ಬಳಿದ ಹಾಗೆ ಒಂದಿಷ್ಟು ಬಂತು, ಅಷ್ಟೆ. ಅಜ್ಜಿ ಆಚೆ ನಿಂತೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅದನ್ನು ನೋಡಿ ಅವಳು ಡಬ್ಬಿ ಕೆಳಗಿಟ್ಟಳು.

ಹಾಸ್ಟೆಲಿನಲ್ಲಿ ಇಬ್ಬರೂ ಇಲ್ಲ ಎಂದಿದ್ದರು. ಅಕ್ಕ ಒಬ್ಬಳೇ ಇದೆ ಎಂದಿದ್ದಳು. ಅವಳ ಬಾಯಿಯನ್ನು ಅಪ್ಪ ಹೊಸ ರಬ್ಬರು ಎಂದು ಮುಚ್ಚಿಸಿದ್ದ. ಕಿಟಕಿ ಹಾಕಿದೆ, ಬಾಗಿಲಿಗೆ ಬೀಗ. ಹೊರಗಿನ ಗೂಡಿನ ಕೀಲಿ ವಾಚ್‌ಮನ್ ಹತ್ತಿರ ಇರುವುದರಿಂದ ಮೇನ್ ವಾಲ್ವನ್ನು ಹಗಲಲ್ಲಿ ಯಾರೂ ಮುಚ್ಚುವುದಿಲ್ಲ. ನಾಲ್ಕಕ್ಕೆ ಅಕ್ಕ ಬಂದು ಬಾಗಿಲು ತೆಗೆದರೆ ಮೂಗಿಗೆ ಬಡಿಯುವ ವಾಸನೆಯನ್ನು ಅವಳು ರಬ್ಬರಿನದು ಎಂದುಕೊಂಡು ಒಲೆಗೆ ಲೈಟರು ಹಿಡಿಯುತ್ತಾಳೆ. ಗೋಡೆಯ ಗಡಿಯಾರ ಮೂರು ಇಪ್ಪತ್ತೆರಡು ತೋರಿಸುತ್ತಿತ್ತು.

ಅಪ್ಪನಿಗೆ ಫೋನು ಮಾಡಿದಳು. ಹೊಡೆದುಕೊಂಡು ನಿಂತಿತು, ಕೆಲಸದ ಹೊತ್ತಲ್ಲಿ ಅವನ ಫೋನು ಗಾಡಿಯ ಡಿಕ್ಕಿಯಲ್ಲಿ ನಿದ್ದೆ ಮಾಡುತ್ತದೆ. ಹಾಸ್ಟೆಲಿನ ಆಫೀಸಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ವಾರ್ಡನ್ನು ರಜೆ ಎಂದು ಅಕ್ಕ ಬೆಳಗ್ಗೆಯೇ ಹೇಳಿದ್ದು ನೆನಪಾಯಿತು. ಮತ್ತೆ ಅಪ್ಪನಿಗೆ ಮಾಡುತ್ತಲೇ ಚಪ್ಪಲಿ ಮೆಟ್ಟಿದಳು. "ಎಲ್ಲಿಗೇ?" ಎಂದ ಅಜ್ಜಿಗೆ ಉತ್ತರ ಕೊಡಲೂ ನಿಲ್ಲಲಿಲ್ಲ.

ಬಸ್ಸು ಬೇಗ ಸಿಕ್ಕಿತು, ಆದರೆ ಬೇಗ ಹೋಗಬೇಕಲ್ಲ. ಆತುರದಲ್ಲಿದ್ದವರಿಗೆ ಸಿಗುವ ಡ್ರೈವರುಗಳೆಲ್ಲ ಸಾಧುಸಂತರೇ. ಇವನು ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿ, ಹತ್ತುವವರು ಹತ್ತಿದ ಮೇಲೂ ಇನ್ನಷ್ಟು ಹೊತ್ತು ಕಾದ. ಸರಳು ಹಿಡಿದು ನಿಂತವಳು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಸ್ಪ್ಯಾನರು ಬಿಟ್ಟುಹೋಗಿದ್ದೆ ಅಕ್ಕ, ಒಂದು ನಿಮಿಷ ಬಾಗಿಲು ತೆಗೀರಿ. ಹಾಗಂದರೆ ಸಾಕು. ಕಟ್ಟೆಯ ಕೆಳಗೆ ತೂರಿ ಎಲ್ಲ ನಟ್ಟುಗಳನ್ನೂ ಇನ್ನೊಂದು ಸುತ್ತು ಬಿಗಿದು ಬಂದರಾಯಿತು. ಅಪ್ಪನಿಗೂ ಗೊತ್ತಾಗುವುದಿಲ್ಲ, ಅಕ್ಕನಿಗೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಆಗುವಾಗಲೂ ಅವಳ ಜೀವ ತನ್ನ ಗುಟ್ಟನ್ನೇ ಕಾಯುತ್ತಿತ್ತು. ನಲವತ್ತು ಜನರ ಅಡುಗೆಮನೆ ಒಂದು ಕಡೆ, ಅಪ್ಪನ ಮುಂದೆ ತಲೆ ತಗ್ಗಿಸುವುದು ಇನ್ನೊಂದು ಕಡೆ. ಹತ್ತೊಂಬತ್ತರ ಹುಡುಗಿಗೆ ಎರಡೂ ಒಂದೇ ತೂಕ ಕಂಡವು ಎಂದರೆ ನಗಬೇಡಿ.

ದಿಬ್ಬದ ಬುಡದಲ್ಲಿ ಬಸ್ಸು ಪೂರ್ತಿ ನಿಂತೇಬಿಟ್ಟಿತು. ನೀರಿನ ಕೊಳವೆ ಹಾಕಲು ರಸ್ತೆ ಅಗೆದಿದ್ದರು. ಮೂರು ಐವತ್ತು. ಅವಳು ಕೆಳಗೆ ಹಾರಿ ಏರು ಹತ್ತಿ ಓಡತೊಡಗಿದಳು.

ಶಾಲೆಯಲ್ಲಿ ಇನ್ನೂರು ಮೀಟರಿಗೆ ಬಹುಮಾನ ತಂದಿದ್ದ ಕಾಲು ಅವು. ಕಾಲೇನೋ ಓಡಲು ತಯಾರಿದ್ದವು, ಎದೆ ಕೈಕೊಟ್ಟಿತು. ನೂರು ಹೆಜ್ಜೆ ಹಾಕುವಷ್ಟರಲ್ಲಿ ಒಳಗೆ ಕತ್ತರಿ ಆಡಿಸಿದಂತಾಯಿತು. ಎಳೆದ ಉಸಿರು ಗಂಟಲಲ್ಲೇ ಸಿಕ್ಕಿಕೊಂಡು ಸಿಳ್ಳೆ ಹೊಡೆಯಿತು. ಕೆಮ್ಮು ಬಂದು ಬಗ್ಗಿದಳು, ಎದ್ದಳು, ಮತ್ತೆ ಓಡಿದಳು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು, ಅವಳಿಗಿಂತ ದುಪ್ಪಟ್ಟು ವಯಸ್ಸಿನವಳು, ಅವಳನ್ನು ದಾಟಿಕೊಂಡು ಸಲೀಸಾಗಿ ಮೇಲೆ ಹೋದಳು. ಒಂದೂವರೆ ವರ್ಷದ ಹೊಗೆ ಏನು ಮಾಡಿದೆ ಎಂದು ಯಾವ ಡಾಕ್ಟರೂ ಅವಳಿಗೆ ಇನ್ನು ಹೇಳಬೇಕಾಗಿರಲಿಲ್ಲ.

ಹಾಸ್ಟೆಲಿನ ಗೇಟು ತಳ್ಳಿಕೊಂಡು ಒಳಗೆ ಬಿದ್ದಾಗ ವಾಚ್‌ಮನ್ನಿನ ಕುರ್ಚಿ ಖಾಲಿಯಿತ್ತು. ಅಂಗಳದ ಆಚೆ ಅಡುಗೆಮನೆ. ಬಾಗಿಲ ಬೀಗ ತೆಗೆದಿತ್ತು. ಹಾಕಿದ ಕಿಟಕಿಯ ಗಾಜಿನ ಹಿಂದೆ ಅಕ್ಕನ ಅಗಲವಾದ ಬೆನ್ನು. ಅವಳು ದೊಡ್ಡ ಪಾತ್ರೆಗೆ ನೀರು ತುಂಬಿ ಒಲೆಯ ಮೇಲೆ ಇಡುತ್ತಿದ್ದಳು. ಇಟ್ಟು, ಮೂಗನ್ನು ಸೆರಗಿನಿಂದ ಉಜ್ಜಿಕೊಂಡಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಲೈಟರಿನ ಕಡೆ ಕೈ ಚಾಚಿದಳು.

"ಅಕ್ಕಾ" ಎಂದು ಕೂಗಲು ಅವಳು ಬಾಯಿ ತೆರೆದಳು. ಗಾಳಿಯ ಸದ್ದು ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಕೆಮ್ಮು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಸ್ಪ್ಯಾನರಿನ ಸುಳ್ಳು, ಅದರ ಹಿಂದಿನ ನಿಜ, ಯಾವುದನ್ನೂ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ. ಅಕ್ಕ ಲೈಟರು ಹಿಡಿದು ಒಲೆಯ ಕಡೆ ತಿರುಗಿದಳು.

ಹುಡುಗಿ ಕಾಲಿನ ಚಪ್ಪಲಿ ಕಿತ್ತು ಬೀಸಿ ಎಸೆದಳು. ಅದು ಕಿಟಕಿಯ ಗಾಜಿಗೆ ಫಟೀರೆಂದು ಬಡಿದು ಕೆಳಗೆ ಬಿತ್ತು. ಅಕ್ಕ ಬೆಚ್ಚಿಬಿದ್ದು ತಿರುಗಿದಳು. ಇನ್ನೊಂದೂ ಹೋಗಿ ಬಡಿಯಿತು.

"ಯಾವಳೇ ಅವಳು! ಯಾರ ಮನೆ ಅಂದ್ಕೊಂಡಿದ್ದೀಯಾ?" ಅಕ್ಕ ಲೈಟರು ಹಿಡಿದುಕೊಂಡೇ ದಡಬಡ ಹೊರಗೆ ಬಂದಳು. ಅಂಗಳದಲ್ಲಿ ಮೊಣಕಾಲೂರಿ ಬಗ್ಗಿದ್ದ ಹುಡುಗಿಯನ್ನು ನೋಡಿ ಅವಳ ಸಿಟ್ಟು ಅರ್ಧಕ್ಕೇ ನಿಂತಿತು. "ಅಯ್ಯೋ, ಮರಿಮೂಗು! ಏನಾಯ್ತೇ?"

ಹುಡುಗಿ ಒಂದು ಕೈಯಿಂದ ಲೈಟರನ್ನು ಕಿತ್ತುಕೊಂಡಳು. "ಗ್ಯಾಸು" ಎಂಬಷ್ಟು ಹೊರಬಂತು.

"ಹೌದು, ನಾರ್ತಾ ಇದೆ. ನಿಮ್ಮಪ್ಪಾನೇ ಹೇಳಿದ್ರಲ್ಲ, ರಬ್ಬರು ಅಂತ. ತಡಿ, ಫ್ಯಾನ್ ಹಾಕ್ಬಿಡ್ತೀನಿ, ಹೊರಗೆ ಹೋಗ್ಲಿ" ಎಂದು ಅಕ್ಕ ತಿರುಗಿದಳು. ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಒಳಗೋಡೆಯಲ್ಲಿತ್ತು. ಅಕ್ಕನ ಬೆರಳು ಅದರ ಹತ್ತಿರ ಹೋಗಿಯೇ ಬಿಟ್ಟಿತ್ತು. ಹುಡುಗಿ ಹಿಂದೆಯೇ ಮುಗ್ಗರಿಸುತ್ತ ಹೋಗಿ ಅಕ್ಕನ ಸೆರಗು ಹಿಡಿದು ಇದ್ದ ಬದ್ದ ಬಲವೆಲ್ಲ ಹಾಕಿ ಎಳೆದಳು. ಇಬ್ಬರೂ ಮೆಟ್ಟಿಲ ಮೇಲೆ ಉರುಳಿದರು.

"ಸ್ವಿಚ್... ಮುಟ್ಟಬೇಡಿ... ಕಿಡಿ..."

ಅಕ್ಕನಿಗೆ ಆಗ ಅರ್ಥವಾಯಿತು. ಅವಳು ತನ್ನ ಬೆರಳನ್ನೇ ನೋಡಿಕೊಂಡು ಕೂತುಬಿಟ್ಟಳು. ಹುಡುಗಿ ಎದ್ದು ಜಾಲರಿಯ ಗೂಡಿಗೆ ಹೋಗಿ, ಸಂದಿಯಲ್ಲಿ ಮುಂಗೈ ತೂರಿಸಿ, ಚರ್ಮ ಸುಲಿದುಹೋದರೂ ಬಿಡದೆ ವಾಲ್ವು ತಿರುಗಿಸಿ ಮುಚ್ಚಿದಳು. ಆಮೇಲೆ ಉಸಿರು ಬಿಗಿಹಿಡಿದು ಒಳಗೆ ಓಡಿ ಕಿಟಕಿ ತೆರೆದು ಬಂದಳು. ಆ ನಾಲ್ಕು ಹೆಜ್ಜೆಗೂ ಅವಳ ಉಸಿರು ಸಾಲಲಿಲ್ಲ. ಅಂಗಳದ ನಲ್ಲಿಯ ಹತ್ತಿರ ಕೂತು ವಾಂತಿ ಮಾಡಿಕೊಂಡಳು.

ಅಪ್ಪ ಹನ್ನೊಂದು ಮಿಸ್ಡ್ ಕಾಲು ನೋಡಿ, ಮನೆಗೆ ಫೋನು ಮಾಡಿ, ಅಜ್ಜಿಯ ಬಾಯಿಂದ ಅರ್ಧಂಬರ್ಧ ಕೇಳಿಕೊಂಡು ಬಂದಾಗ ಐದು ಗಂಟೆಯಾಗಿತ್ತು. ಅಕ್ಕ ಹೆಂಗಸರನ್ನೆಲ್ಲ ಗೇಟಿನ ಆಚೆ ಕಳಿಸಿ, ಬಂದವರಿಗೆಲ್ಲ ಕಥೆ ಹೇಳುತ್ತ ನಿಂತಿದ್ದಳು. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಅಡುಗೆಮನೆಗೆ ಗಾಳಿ ಆಡಿ ತಣ್ಣಗಾದ ಮೇಲೆ ಒಂದು ಲೋಟದಲ್ಲಿ ಸೋಪಿನ ನೀರು ಕಲಸಿದ. ಅವಳು ಅಪ್ಪನ ಕೈಯಲ್ಲಿ ಸೋಪಿನ ನೀರು ನೋಡಿದ್ದು ಅದೇ ಮೊದಲು. ಕಟ್ಟೆಯ ಕೆಳಗೆ ಮಲಗಿ ಒಂದೊಂದೇ ಜಾಯಿಂಟಿಗೆ ಸವರಿದ. "ವಾಲ್ವು ಒಂಚೂರು ತೆಗಿ" ಎಂದ. ಅವಳು ತೆಗೆದು ಬಂದಳು. ಗೋಡೆ ತೂರಿ ಬರುವ ಮೂಲೆಯಲ್ಲಿ ಗುಳ್ಳೆ ಎದ್ದಿತು. ಒಂದು ಒಡೆಯುವ ಮೊದಲೇ ಇನ್ನೊಂದು. ಮಗುವಿನ ಬಾಯಿಯ ಜೊಲ್ಲಿನಂತೆ ನೊರೆ ಕಟ್ಟಿಕೊಂಡು ಗೋಡೆಯ ಮೇಲೆ ಇಳಿಯಿತು.

ಅವಳು ಮತ್ತೆ ವಾಲ್ವು ಮುಚ್ಚಿ ಬಂದಾಗ ಅಪ್ಪ ಇನ್ನೂ ನೆಲದ ಮೇಲೆ ಮಲಗಿಯೇ ಇದ್ದ. ಎದ್ದರೆ ಮಗಳ ಮುಖ ನೋಡಬೇಕಾಗುತ್ತದೆ ಎಂದೋ ಏನೋ.

"ನಿಂಗೆ ಬರಲಿಲ್ವಾ ಮಗಾ ವಾಸನೆ?"

"ಇಲ್ಲಪ್ಪ." ಅವಳು ಅವನ ಪಕ್ಕದಲ್ಲಿ ಕೂತಳು. "ಸೇದಿಕೊಂಡು ಬಂದು ಮೂಸಿದ್ದು. ಇವತ್ತೊಂದೇ ದಿನ ಅಲ್ಲ. ಒಂದೂವರೆ ವರ್ಷದಿಂದ ಸೇದ್ತಿದ್ದೀನಿ. ಈಗ ಹಾಲು ಸೀದ್ರೂ ಗೊತ್ತಾಗಲ್ಲ."

ಬೈಗುಳಕ್ಕೆ ಅವಳು ತಯಾರಾಗಿದ್ದಳು. ಹೊಡೆದರೂ ಆಗುತ್ತಿತ್ತು, ಹಗುರಾಗುತ್ತಿತ್ತು. ಅಪ್ಪ ಮೆಲ್ಲಗೆ ಎದ್ದು ಕೂತು ಗೋಡೆಗೆ ಒರಗಿದ.

"ನಂದು ಹೋಗಿ ಮೂರು ವರ್ಷ ಆಯ್ತು" ಎಂದ. "ಒಂದು ಬೆಳಿಗ್ಗೆ ಕಾಫಿ ಕುಡೀತಿದ್ದೆ, ಬಿಸಿ ನೀರು ಕುಡಿದ ಹಾಗಾಯ್ತು. ನೆಗಡಿ ಅಂದ್ಕೊಂಡೆ. ಹೋಗ್ಲೇ ಇಲ್ಲ. ಬೀಡಿ ಬಿಟ್ಟಿದ್ದೀನಲ್ಲ, ಇವತ್ತು ವಾಪಸ್ ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಜನ ಮೂಗು ಮೇಸ್ತ್ರಿ ಅಂತ ಕರೀತಿದ್ರು. ಇಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನೀನಿದ್ದೀಯಲ್ಲ ಅಂತ ಧೈರ್ಯ."

"ಅದಕ್ಕೇನಾ ನನ್ನ ಮುಂದೆ ಬಿಡ್ತಿದ್ದಿದ್ದು?"

ಅಪ್ಪ ಸೋಪಿನ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. ಅವಳಿಗೆ ಅಳು ಬಂತು. ಯಾವುದಕ್ಕೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಹೆಮ್ಮೆ ಒಂದು ನಿಮಿಷದಲ್ಲಿ ನೆಲಕ್ಕೆ ಬಿದ್ದಿತ್ತು, ಆದರೆ ಅದನ್ನು ಕೆಡವಿದ್ದು ಅಪ್ಪ ಒಬ್ಬನೇ ಎನ್ನುವ ಹಾಗೂ ಇರಲಿಲ್ಲ. ಅವಳು ಮುಖ ಒರೆಸಿಕೊಂಡು "ಎಷ್ಟು ಮನೆ ಮೂಸಿದ್ದೀವಿ ಅಪ್ಪಾ ಒಂದೂವರೆ ವರ್ಷದಲ್ಲಿ?" ಎಂದು ಕೇಳಿದಳು.

ಅಪ್ಪ ಬೆರಳು ಮಡಚತೊಡಗಿದ. ಶಾಲೆಯ ಹಿಂದಿನ ಬೀದಿ, ಹೂವಿನ ಅಂಗಡಿಯವರ ಮನೆ, ಆಸ್ಪತ್ರೆಯ ಕ್ಯಾಂಟೀನು, ಬಾಡಿಗೆ ಕೋಣೆಗಳ ಸಾಲು. ಎಣಿಸುತ್ತಿದ್ದವನ ಬೆರಳು ಒಂದು ಕಡೆ ನಿಂತುಹೋಯಿತು. ಅವನು ಬಾಯಿ ಬಿಡುವ ಮೊದಲೇ ಅವಳಿಗೂ ಅದೇ ಮನೆ ನೆನಪಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ದರ್ಜಿಯ ಮನೆ. ಎರಡು ತಿಂಗಳ ಹಿಂದೆ ಅಲ್ಲಿ ಒಲೆಯ ಟ್ಯೂಬು ಬದಲಿಸಿದ್ದರು. ಅವಳು ಮೂಸಿದ್ದಳು, ಅಪ್ಪ ಮೂಸಿದ್ದ, ಇಲ್ಲ ಎಂದಿದ್ದರು. ಮೂರನೆಯ ದಿನ ಬೆಳಗ್ಗೆ ದರ್ಜಿಯ ಹೆಂಡತಿ ಕಡ್ಡಿ ಗೀರಿದಾಗ ಬೆಂಕಿ ಭಗ್ಗೆಂದು ಎದ್ದು ಎರಡೂ ಕೈ ಮೊಣಕೈವರೆಗೆ ಸುಟ್ಟಿದ್ದವು. ರಾತ್ರಿ ನಾಬು ಮುಚ್ಚಲು ಮರೆತಿದ್ದಾಳೆ ಎಂದು ಎಲ್ಲರೂ ಅಂದರು. ನೋಡಲು ಹೋದ ಅಪ್ಪನೂ ಹಾಗೇ ಅಂದಿದ್ದ. ಕೊನೆಗೆ ಆ ಹೆಂಗಸೂ ಹೌದೇನೋ ಎಂದು ಒಪ್ಪಿಕೊಂಡಿದ್ದಳು. ಆವತ್ತಿನಿಂದ ಮನೆಯಲ್ಲಿ ಅವಳ ಕೈಗೆ ಬೆಂಕಿಪೊಟ್ಟಣ ಕೊಡುತ್ತಿರಲಿಲ್ಲ.

"ಮೊದಲು ಅಲ್ಲಿಗೆ" ಎಂದ ಅಪ್ಪ.

ಇಬ್ಬರೂ ಗಾಡಿ ಹತ್ತಿದರು. ಜೇಬಿನಲ್ಲಿದ್ದ ಸಿಗರೇಟಿನ ಪೊಟ್ಟಣ ಅವಳ ತೊಡೆಗೆ ಒತ್ತುತ್ತಿತ್ತು. ಈಗಲೂ ಅದು ಬೇಕೆನಿಸಿತು, ಹಾಗೆ ಬೇಕೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಸಿಗ್ನಲಿನಲ್ಲಿ ಗಾಡಿ ನಿಂತಾಗ ಪೊಟ್ಟಣ ತೆಗೆದು ಅಪ್ಪನ ಭುಜದ ಮೇಲಿಂದ ಮುಂದೆ ಚಾಚಿದಳು. ಅಪ್ಪ ಅದನ್ನು ಹಿಡಿದು, ಕೈಯಲ್ಲೇ ಹಿಚುಕಿ, ಪಕ್ಕದ ಕಸದ ಡಬ್ಬಿಗೆ ಹಾಕಿದ.

ದರ್ಜಿಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೊಲಿಗೆ ಮಷಿನ್ನು ಓಡುತ್ತಿತ್ತು. ದರ್ಜಿಯ ಹೆಂಡತಿ ಹೊಸಿಲ ಹತ್ತಿರ ಕೂತು, ಸುಕ್ಕುಗಟ್ಟಿದ ಗುಲಾಬಿ ಬಣ್ಣದ ಕೈಗಳಿಂದ ಅಂಗಿಗೆ ಗುಂಡಿ ಹಚ್ಚಲು ಒದ್ದಾಡುತ್ತಿದ್ದಳು. ಸೂಜಿ ಬೆರಳ ನಡುವೆ ನಿಲ್ಲುತ್ತಿರಲಿಲ್ಲ.

"ಬನ್ನಿ ಮೇಸ್ತ್ರಿ, ಕೂತ್ಕೊಳ್ಳಿ. ಚಹಾ ಮಾಡಿಕೊಡೋಣ ಅಂದ್ರೆ ಈ ಮರೆಗುಳಿಯನ್ನ ಒಲೆ ಹತ್ರ ಯಾರೂ ಬಿಡಲ್ಲ" ಎಂದು ಅವಳು ನಕ್ಕಳು.

ಅಪ್ಪ ಬಾಯಿ ತೆರೆದ. ಅವಳು ಅಪ್ಪನನ್ನು ದಾಟಿ ಮುಂದೆ ಬಂದು ಆ ಹೆಂಗಸಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಈ ಸಲ ಅವಳನ್ನು ಯಾರೂ ಮುಂದೆ ಬಿಟ್ಟಿರಲಿಲ್ಲ.

"ಅತ್ತಿಗೆ, ಅವತ್ತು ಲೀಕ್ ಇಲ್ಲ ಅಂದಿದ್ದು ನಾನು. ನಂಗೆ ವಾಸನೆ ಬರ್ತಿರಲಿಲ್ಲ. ಸಿಗರೇಟು ಸೇದಿ ಮೂಗು ಕೆಡಿಸ್ಕೊಂಡಿದ್ದೆ. ಅಪ್ಪನಿಗೂ ಬರ್ತಿರಲಿಲ್ಲ. ಟ್ಯೂಬು ಸರಿಯಾಗಿತ್ತೋ ಇಲ್ವೋ ಇನ್ನು ಯಾರಿಗೂ ಗೊತ್ತಾಗಲ್ಲ. ಆದ್ರೆ ತಪ್ಪು ನಿಮ್ಮದೇ ಅಂತ ನಾವು ಹೇಳಿದ್ವಲ್ಲ, ಹಾಗೆ ಹೇಳೋ ಹಕ್ಕು ನಮಗಿರಲಿಲ್ಲ."

ದರ್ಜಿಯ ಹೆಂಡತಿ ಅವಳ ಮುಖವನ್ನೇ ನೋಡಿದಳು. ಬೈಯುತ್ತಾಳೆ, ಶಪಿಸುತ್ತಾಳೆ, ಆ ಕೈಗಳನ್ನು ಎತ್ತಿ ತೋರಿಸುತ್ತಾಳೆ ಎಂದು ಅವಳು ಮೈಯೆಲ್ಲ ಬಿಗಿಮಾಡಿಕೊಂಡಳು. ಆ ಹೆಂಗಸಿನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಗುಂಡಿ, ಸೂಜಿ, ಅಂಗಿ ಎಲ್ಲ ತೊಡೆಯಿಂದ ಜಾರಿ ಬಿದ್ದವು. ಅವಳು ಇವರಿಬ್ಬರನ್ನೂ ಬಿಟ್ಟು ಮನೆಯೊಳಕ್ಕೆ ತಿರುಗಿದಳು.

"ರೀ, ಕೇಳಿಸ್ತಾ? ನಾನು ಮುಚ್ಚಿದ್ದೆ. ಎರಡು ಸಲ ನೋಡಿ ಮುಚ್ಚಿದ್ದೆ. ನಂಗೆ ಚೆನ್ನಾಗಿ ನೆನಪಿದೆ."

ಹೊಲಿಗೆ ಮಷಿನ್ನು ನಿಂತಿತು. ಅವಳು ಮತ್ತೆ ಅದನ್ನೇ ಹೇಳಿದಳು, ಈ ಸಲ ಇನ್ನೂ ಗಟ್ಟಿಯಾಗಿ.